ಮನೆತನದ ಚರಿತ್ರೆಯ ಶೋಧನೆ: ಹೊಸಪೇಟೆ, ಹಂಪೆ, ಸಂಡೂರು, ಕಂಪ್ಲಿ ಸೀಮೆಯನ್ನು ಕುರಿತು ಕೆಲವು ವಿಚಾರಗಳು

ರಾಜವಂಶದ ಚರಿತ್ರೆಯನ್ನು ಬರೆಯುವವನಿಗೆ ಶಿಲಾಶಾಸನ, ತಾಮ್ರಪಟ, ವಿದೇಶೀಯರ ಪ್ರವಾಸಕಥನ, ಆಸ್ಥಾನಕವಿಗಳ ಕಾವ್ಯ ಮೊದಲಾದವು ಆಕರಗಳಾಗಿ ಒದಗುತ್ತವೆ. ಸಾಮಾನ್ಯ ಮನೆತನವೊಂದರ ಚರಿತ್ರೆಯನ್ನು ತಿಳಿಯಹೊರಟವನ ಕೈಗೆ ಸಿಕ್ಕುವುದು ಅಟ್ಟದ ಮೇಲಿನ ಕಾಗದದ ಗಂಟು, ಹಿರಿಯರ ನೆನಪು, ಮನೆದೇವರ ಹೆಸರು, ಇಷ್ಟೇ. ಹೀಗಿದ್ದರೂ ತಮ್ಮ ಮನೆತನದ ಮೂಲವನ್ನು ಅರಸುವ ಅಧ್ಯಾಪಕರು, ವಕೀಲರು, ನಿವೃತ್ತ ನೌಕರರು ನಮ್ಮಲ್ಲಿ ಊರೂರಿನಲ್ಲಿಯೂ ಇದ್ದಾರೆ. ಇವರು ಚರಿತ್ರೆಯಲ್ಲಿ ಕ್ರಮವಾದ ಶಿಕ್ಷಣ ಪಡೆದವರಲ್ಲ. ಸ್ವಂತ ಖರ್ಚಿನಿಂದ ಅಲೆದು, ಬರೆದು, ನೂರೋ ಇನ್ನೂರೋ ಪ್ರತಿಗಳನ್ನು ಅಚ್ಚು ಹಾಕಿಸಿ ಬಂಧುಗಳಿಗೆ ಹಂಚುತ್ತಾರೆ. ವಿದ್ವಾಂಸರು ಈ ಪುಸ್ತಕಗಳನ್ನು ಓದುವುದು ಕಡಮೆ, ಓದಿದರೂ ಉಪೇಕ್ಷಿಸುವುದೇ ವಾಡಿಕೆ. ಈ ಉಪೇಕ್ಷೆ ನ್ಯಾಯವಾದುದಲ್ಲವೆಂಬುದು ನಮ್ಮ ಅಭಿಪ್ರಾಯ. ಆದರೆ ಇಂತಹ ಬರವಣಿಗೆಯಲ್ಲಿ ಒಂದೇ ಬಗೆಯ ದೋಷ ಪದೇ ಪದೇ ತಲೆದೋರುವುದರಿಂದ ಅದನ್ನು ಮೊದಲು ವಿಚಾರಿಸಬೇಕಾಗಿದೆ.

ಹೊಸಪೇಟೆ, ಹಂಪೆ, ಸಂಡೂರು, ಕಂಪ್ಲಿಗಳ ಸುತ್ತಿನ ಯಾವ ಮನೆತನವನ್ನು ವಿಚಾರಿಸಿದರೂ ಮಾತು ಬಹುಬೇಗ ವಿಜಯನಗರಕ್ಕೆ ಹೋಗಿ ಮುಟ್ಟುತ್ತದೆ. ಒಬ್ಬರ ಹಿರಿಯರು ರಾಯರ ಸೈನ್ಯದಲ್ಲಿದ್ದರು. ಇನ್ನೊಬ್ಬರ ಹಿರಿಯರು ಬೊಕ್ಕಸದ ಕರಣಿಕರಾಗಿದ್ದರು. ಮತ್ತೊಬ್ಬರ ಹಿರಿಯರು ವಿರೂಪಾಕ್ಷನ ಗುಡಿಯಲ್ಲಿ ಸೇವೆ ಮಾಡುತ್ತಿದ್ದರು. 1565ರ ರಕ್ಕಸತಂಗಡಿಯ ಯುದ್ಧದ ಅನಂತರ ಅವರೆಲ್ಲರೂ ಚದುರಿ ಈಗಿನ ಊರುಗಳಿಗೆ ಬಂದು ನೆಲೆಸಿದರೆಂದು ಕಥೆ. ತಮಿಳುನಾಡಿನ ಕನ್ನಡ ಮಾತನಾಡುವ ಅನೇಕ ಕುಟುಂಬಗಳಲ್ಲಿಯೂ ಹಂಪೆಯಿಂದ ಬಂದೆವೆಂಬ ಐತಿಹ್ಯವಿದೆ. ಇವೆಲ್ಲವೂ ಸುಳ್ಳೆಂದು ತಳ್ಳಿಬಿಡುವುದಕ್ಕಾಗುವುದಿಲ್ಲ. ಅಷ್ಟು ದೊಡ್ಡ ಪಟ್ಟಣದ ಜನ ಎಲ್ಲಿಗಾದರೂ ಹೋಗಿರಲೇಬೇಕು. ಆದರೆ ‘ಹಂಪೆಯಿಂದ’ ಎಂಬ ಮಾತಿಗೆ ‘ರಾಯರ ರಾಜ್ಯದಿಂದ’ ಎಂಬುದಕ್ಕಿಂತ ಹೆಚ್ಚಿನ ಅರ್ಥ ಎಷ್ಟೋ ವೇಳೆ ಇರುವುದಿಲ್ಲ. ಮೇಲಾಗಿ 1565ಕ್ಕೂ, ಮನೆಯಲ್ಲಿ ಹೆಸರು ನೆನಪಿರುವ ಅತ್ಯಂತ ಹಿಂದಿನ ಹಿರಿಯನಿಗೂ ನಡುವೆ ಎರಡು ಎರಡೂವರೆ ಶತಮಾನಗಳ ಅಂತರವಿರುತ್ತದೆ. ಹವ್ಯಾಸಿ ಶೋಧಕನು ಈ ಅಂತರವನ್ನು ಒಂದೇ ವಾಕ್ಯದಲ್ಲಿ ದಾಟಿಬಿಡುತ್ತಾನೆ.

ಈ ದಾಟುವಿಕೆ ಸಾಮಾನ್ಯರ ದೋಷ ಮಾತ್ರವಲ್ಲವೆಂಬುದಕ್ಕೆ ಹಂಪೆಯಲ್ಲಿಯೇ ನಿದರ್ಶನವಿದೆ. ವಿರೂಪಾಕ್ಷ ದೇವಾಲಯದಲ್ಲಿರುವ ಕೃಷ್ಣದೇವರಾಯನ ಶಕ 1430ರ ಶಾಸನ ಅವನ ವಂಶವನ್ನು ಚಂದ್ರನಿಂದ ಆರಂಭಿಸಿ ಬುಧ, ಪುರೂರವ, ನಹುಷ, ಯಯಾತಿಗಳ ಮೂಲಕ ತುರ್ವಸುವಿಗೆ ತರುತ್ತದೆ. ಅಲ್ಲಿಂದ ಮುಂದಕ್ಕೆ ಒಮ್ಮೆಲೇ ರಾಜನ ಮುತ್ತಜ್ಜನಾದ ತಿಮ್ಮ, ಅವನ ಮಗ ಈಶ್ವರ, ಈಶ್ವರನ ಮಗ ನರಸ. ತುರ್ವಸುವಿಗೂ ತಿಮ್ಮನಿಗೂ ನಡುವೆ ಯಾರು ಇದ್ದರೆಂಬುದಕ್ಕೆ ಒಂದು ಸಾಮಾನ್ಯ ಮಾತಿನ ಹೊರತು ಬೇರೇನೂ ಇಲ್ಲ. ರಾಜನ ವಿದ್ವಾಂಸರಿಗೂ ಖಚಿತವಾಗಿ ಗೊತ್ತಿದ್ದುದು ಮೂರು ತಲೆಮಾರು. ನಮ್ಮ ಮನೆಗಳಲ್ಲಿ ಶ್ರಾದ್ಧಕಾಲದಲ್ಲಿ ಹೇಳುವುದೂ ತಂದೆ, ಅಜ್ಜ, ಮುತ್ತಜ್ಜ ಎಂಬ ಮೂರು ಹೆಸರುಗಳನ್ನೇ. ಮೂರು ತಲೆಮಾರು ನೆನಪಿನ ಸಹಜವಾದ ಎಲ್ಲೆಯೆಂದು ತೋರುತ್ತದೆ. ಅದರಾಚೆಯದೆಲ್ಲವೂ ಬರವಣಿಗೆಯ ಆಧಾರದಿಂದ ನಿಲ್ಲಬೇಕು, ಇಲ್ಲವೆ ಕಥೆಯಾಗಿ ಉಳಿಯಬೇಕು.

ಆನೆಗೊಂದಿಯ ಅರಸು ಮನೆತನದ ವಿಷಯವೂ ಇದನ್ನೇ ತೋರಿಸುತ್ತದೆ. ಈ ಮನೆತನ ತನ್ನ ಸಂಬಂಧವನ್ನು ಅರವೀಡು ವಂಶದ ರಾಮರಾಯನ ಕಡೆಗೆ ಜೋಡಿಸಿಕೊಳ್ಳುತ್ತದೆ. ಥಾಮಸ್ ಮನ್ರೋ ಈ ಸೀಮೆಯ ಕಲೆಕ್ಟರನಾಗಿದ್ದಾಗ, 1801ರಲ್ಲಿ, ಈ ಮನೆತನದ ಪೂರ್ವೋತ್ತರಗಳನ್ನು ವಿಚಾರಿಸಿ ಸರ್ಕಾರಕ್ಕೆ ಬರೆದನು. ಆ ಸಂಗತಿಯನ್ನು ರಾಬರ್ಟ್ ಸೆವೆಲ್ 1900ರಲ್ಲಿ ಪ್ರಕಟವಾದ ತನ್ನ ವಿಜಯನಗರ ಚರಿತ್ರೆಯಲ್ಲಿ ಚರ್ಚಿಸಿದ್ದಾನೆ. ದೊಡ್ಡ ಮನೆತನವಾಗಿ, ಸರ್ಕಾರದ ವರ್ಷಾಶನ ಪಡೆದು, ಇಷ್ಟು ಜನ ವಿದ್ವಾಂಸರ ಗಮನಕ್ಕೆ ಬಂದ ವಂಶದ ವಿಚಾರದಲ್ಲಿಯೂ ಮನೆಯವರ ಹೇಳಿಕೆಯನ್ನೂ ಶಾಸನಗಳನ್ನೂ ಹೊಂದಿಸುವುದು ಸುಲಭವಾಗಲಿಲ್ಲ. ಹೀಗಿರುವಾಗ ಕಮಲಾಪುರದ ಒಬ್ಬ ನೀರಗಂಟಿಯ ಮನೆತನವಾಗಲಿ, ಕಂಪ್ಲಿಯ ಒಬ್ಬ ನೇಕಾರನ ಮನೆತನವಾಗಲಿ ಆ ಅಂತರವನ್ನು ದಾಟದೆ ನಿಂತರೆ ಅದರಲ್ಲಿ ಅಗೌರವವೇನೂ ಇಲ್ಲ.

ಹಾಗಾದರೆ ಶೋಧನೆ ಎಲ್ಲಿಂದ ಆರಂಭವಾಗಬೇಕು? ಈಗಿನವರಿಂದ, ಹಿಂದು ಹಿಂದಕ್ಕೆ. ಹೀಗೆ ಹೋಗುವವನಿಗೆ ಈ ಸೀಮೆಯಲ್ಲಿ ಸಾಮಾನ್ಯವಾಗಿ 1800ರವರೆಗೆ ಹೆಜ್ಜೆ ಊರುವುದಕ್ಕೆ ನೆಲ ಸಿಕ್ಕುತ್ತದೆ. ಆ ವರ್ಷ ನಿಜಾಮನು ತುಂಗಭದ್ರೆಯ ದಕ್ಷಿಣದ ಜಿಲ್ಲೆಗಳನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ಮನ್ರೋ 1807ರವರೆಗೆ ಇಲ್ಲಿದ್ದು ಹೊಲಹೊಲವನ್ನೂ ಅಳೆಯಿಸಿ ರೈತವಾರಿ ಪದ್ಧತಿಗೆ ತಳಹದಿ ಹಾಕಿದನು. ಅದಕ್ಕೆ ಹಿಂದಿನ ಲೆಕ್ಕಗಳು ಇರಲಿಲ್ಲವೆಂದಲ್ಲ. ಹುಣಿಸೆಬೀಜದ ಅಂಟನ್ನೂ ಇದ್ದಿಲಿನ ಪುಡಿಯನ್ನೂ ಬಳಿದ ಬಟ್ಟೆಯ ಕಡತಗಳಲ್ಲಿ ಶಾನುಭೋಗರು ಲೆಕ್ಕವಿಡುತ್ತಿದ್ದರು. ಆದರೆ ಬಳಪದಿಂದ ಬರೆದುದನ್ನು ಒರಸಿ ಮತ್ತೆ ಬರೆಯಬಹುದಾಗಿದ್ದುದರಿಂದಲೇ ಆ ಕಡತಗಳಿಂದ ಚರಿತ್ರೆಗೆ ಉಳಿದದ್ದು ಸ್ವಲ್ಪ.

1800ರ ಅನಂತರದ ದಾಖಲೆಗಳನ್ನು ಹುಡುಕುವವನಿಗೆ ಮೊದಲು ತಿಳಿದಿರಬೇಕಾದುದು ಗಡಿಗಳ ಚರಿತ್ರೆ. ಹೊಳೆಯ ಈಚೆಯ ಹೊಸಪೇಟೆ, ಹಂಪೆ, ಕಂಪ್ಲಿಗಳು ಮದರಾಸು ಆಧಿಪತ್ಯಕ್ಕೆ ಸೇರಿ 1953ರ ಅಕ್ಟೋಬರ್ 1ರವರೆಗೆ ಅಲ್ಲಿಯೇ ಇದ್ದು, ಅಂದು ಮೈಸೂರು ಸಂಸ್ಥಾನಕ್ಕೆ ಬಂದವು. ಹೊಳೆಯ ಆಚೆಯ ಆನೆಗೊಂದಿ, ಗಂಗಾವತಿಗಳು 1948ರವರೆಗೆ ನಿಜಾಮನ ರಾಜ್ಯದಲ್ಲಿದ್ದವು. ಸಂಡೂರು ಘೋರ್ಪಡೆಯವರ ಪ್ರತ್ಯೇಕ ಸಂಸ್ಥಾನವಾಗಿದ್ದು 1949ರಲ್ಲಿ ಮದರಾಸಿನಲ್ಲಿ ವಿಲೀನವಾಯಿತು. 2021ರಲ್ಲಿ ಹೊಸಪೇಟೆಯನ್ನು ಕೇಂದ್ರವಾಗಿಟ್ಟುಕೊಂಡು ವಿಜಯನಗರ ಜಿಲ್ಲೆ ಏರ್ಪಟ್ಟಿತು. ಸಂಡೂರು, ಕಂಪ್ಲಿಗಳು ಬಳ್ಳಾರಿಯಲ್ಲಿಯೇ ಉಳಿದವು. ಹರಿಗೋಲಿನಲ್ಲಿ ಅರ್ಧ ಗಂಟೆಯಲ್ಲಿ ದಾಟಬಹುದಾದ ಹೊಳೆಯ ಎರಡು ದಡಗಳ ಕಾಗದಗಳು ಹೀಗೆ ನೂರಾರು ಮೈಲಿ ದೂರದ ಎರಡು ರಾಜಧಾನಿಗಳಿಗೆ ಹೋಗಿ ಸೇರಿವೆ. ಹೆಣ್ಣು ಕೊಟ್ಟು ತಂದುಕೊಳ್ಳುವವರು ಈ ಗಡಿಯನ್ನು ಎಂದೂ ಲೆಕ್ಕಿಸಲಿಲ್ಲ. ಕಂಪ್ಲಿಯ ಮನೆಯೊಂದರ ಅಜ್ಜಿಯ ತೌರನ್ನು ಹುಡುಕುವವನು ಹೈದರಾಬಾದಿನ ದಫ್ತರಖಾನೆಯ ಉರ್ದು ಕಾಗದಗಳನ್ನೂ, ಇನ್ನೂ ಹಿಂದಕ್ಕೆ ಹೋದರೆ ಫಾರಸಿಯನ್ನೂ ಓದಿಸಬೇಕಾಗುತ್ತದೆ. ಅಜ್ಜನ ಹೊಲವನ್ನು ಹುಡುಕುವುದಕ್ಕೆ ಬಳ್ಳಾರಿಗೂ ಚೆನ್ನೈಯ ಎಳುಂಬೂರಿನ ದಫ್ತರಖಾನೆಗೂ ಹೋಗಬೇಕು. ಎರಡು ಕಡೆಯೂ ವರ್ಷವನ್ನು ಫಸಲಿಯಲ್ಲಿ ಬರೆದಿರುತ್ತಾರೆ. ಫಸಲಿಗೆ 590ನ್ನು ಕೂಡಿಸಿದರೆ ಕ್ರಿಸ್ತಶಕ ಬರುತ್ತದೆಂಬುದನ್ನು ಎಲ್ಲರೂ ಬಲ್ಲರು. ಮದರಾಸಿನ ಫಸಲಿ ಜುಲೈನಲ್ಲಿಯೂ ನಿಜಾಮನದು ಅಕ್ಟೋಬರಿನಲ್ಲಿಯೂ ಆರಂಭವಾಗುತ್ತಿದ್ದವೆಂಬುದನ್ನು ಮರೆತು ತಿಂಗಳುಗಳನ್ನು ತಪ್ಪಾಗಿ ಹೊಂದಿಸಿದವರೂ ಉಂಟು.

ಈ ಕಾಗದಗಳಲ್ಲಿ ವಂಶಾವಳಿಗೆ ಅತ್ಯಂತ ಉಪಯುಕ್ತವಾದುದು ಇನಾಮು ತನಿಖೆಯ ದಾಖಲೆ. ಮದರಾಸು ಸರ್ಕಾರ 1858ರಲ್ಲಿ ಇನಾಮು ಕಮಿಷನ್ನನ್ನು ನೇಮಿಸಿತು. 1860ರ ದಶಕದ ಅದರ ರಿಜಿಸ್ಟರುಗಳಲ್ಲಿ ಮಾನ್ಯದ ಭೂಮಿ ಯಾರಿಂದ ಬಂದದ್ದು, ಮೊದಲು ಪಡೆದವನ ಹೆಸರೇನು, ಈಗಿನ ಅನುಭವದಾರ ಅವನಿಗೆ ಏನಾಗಬೇಕು, ಅವನ ವಯಸ್ಸೆಷ್ಟು ಎಂಬ ವಿವರಗಳು ದೊರೆಯುತ್ತವೆ. ಒಂದು ಪುಟದಲ್ಲಿ ನಾಲ್ಕು ತಲೆಮಾರು ಸಿಕ್ಕಿದಾಗ ಹವ್ಯಾಸಿಗೆ ಆಗುವ ಸಂತೋಷವನ್ನು ನಾವು ಕಣ್ಣಾರೆ ಕಂಡಿದ್ದೇವೆ. ಆದರೂ ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯ. ಅನುಭವ ಹಳೆಯದೆಂದು ತೋರಿಸಿದವನಿಗೆ ಭೂಮಿ ಉಳಿಯುತ್ತಿದ್ದುದರಿಂದ ರಾಯರ ಕಾಲದ ದತ್ತಿಯೆಂದು ಹೇಳುವ ಆಸೆ ಸಹಜವಾಗಿತ್ತು. ಎರಡನೆಯದಾಗಿ, ಇಲ್ಲಿ ಹೆಸರು ಸಿಕ್ಕುವುದು ಮಾನ್ಯವುಳ್ಳವರಿಗೆ ಮಾತ್ರ. ಪೂಜಾರಿ, ಶಾನುಭೋಗ, ತಳವಾರ, ನೀರಗಂಟಿ ಮೊದಲಾದವರಿಗೆ. ಅನ್ಯರ ಹೊಲದಲ್ಲಿ ದುಡಿದವನ ಹೆಸರನ್ನು ಬರೆದುಕೊಳ್ಳುವ ಅಗತ್ಯ ಯಾವ ಸರ್ಕಾರಕ್ಕೂ ಕಾಣಲಿಲ್ಲ. ಆದುದರಿಂದಲೇ ಅಚ್ಚಾದ ಮನೆತನದ ಪುಸ್ತಕಗಳೆಲ್ಲ ಭೂಮಿಯುಳ್ಳವರವು. ಭೂಮಿಯಿಲ್ಲದ ಮನೆತನದವನು ತನ್ನ ಶೋಧನೆಯಲ್ಲಿ ಬಹುಮಟ್ಟಿಗೆ ಶಾಲೆಯ ದಾಖಲೆಯ ಹತ್ತಿರವೇ ನಿಲ್ಲಬೇಕಾಗುತ್ತದೆ. ಅಲ್ಲಿಯೂ ಹುಟ್ಟಿದ ತಾರೀಖು ಮಾಸ್ತರರು ಊಹಿಸಿ ಬರೆದದ್ದು.

ಕರ್ನಲ್ ಮೆಕೆಂಜಿಯೂ, ಕಾವಲಿ ಲಕ್ಷ್ಮಯ್ಯ ಮೊದಲಾದ ಅವನ ಸಹಾಯಕರೂ 19ನೆಯ ಶತಮಾನದ ಆರಂಭದಲ್ಲಿ ಸಂಗ್ರಹಿಸಿದ ಕೈಫಿಯತ್ತುಗಳನ್ನು ಇಲ್ಲಿ ನೆನೆಯಬೇಕು. ಎಂ. ಎಂ. ಕಲಬುರ್ಗಿಯವರು ಕನ್ನಡ ಕೈಫಿಯತ್ತುಗಳನ್ನು ಸಂಪಾದಿಸಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಪ್ರಕಟಿಸಿದ ಮೇಲೆ ಇವು ಮದರಾಸಿಗೆ ಹೋಗಲಾರದವರ ಕೈಗೂ ಬಂದಿವೆ. ಪಾಳೆಯಗಾರರ ವಂಶಗಳಿಗೂ ಊರು ಹುಟ್ಟಿದ ಕಥೆಗಳಿಗೂ ಇವು ಅಮೂಲ್ಯವಾದವು. ಒಂದೊಂದು ಮನೆಯ ವಿಚಾರಕ್ಕೆ ಇವುಗಳಿಂದ ಸಿಕ್ಕುವುದು ಕಡಮೆ.

ಸಂಡೂರಿನ ಸ್ಥಿತಿ ಬೇರೆ. 1728ರಲ್ಲಿ ಸಿದ್ದೋಜಿರಾವ್ ಘೋರ್ಪಡೆ ಬೇಡ ಪಾಳೆಯಗಾರನಿಂದ ಈ ಕಣಿವೆಯನ್ನು ಗೆದ್ದುಕೊಂಡ ಮೇಲೆ ಅವನ ಹಿಂದೆ ಬಂದ ಮರಾಠಾ ಕುಟುಂಬಗಳು ಇಲ್ಲಿ ನೆಲೆಸಿದವು. ಅವರ ಕಾಗದಗಳು ಮರಾಠಿಯಲ್ಲಿ, ಮೋಡಿ ಲಿಪಿಯಲ್ಲಿರುತ್ತವೆ. ಆ ಲಿಪಿಯನ್ನು ಓದಬಲ್ಲವರು ಈಗ ವಿರಳ. ಮನೆಯ ಮಕ್ಕಳು ಅಜ್ಜನ ಪೆಟ್ಟಿಗೆಯ ಕಾಗದವನ್ನು ಮಂತ್ರದ ಚೀಟಿಯೆಂದು ತಿಳಿದಿರುವುದೂ ಉಂಟು. ಇದಲ್ಲದೆ ಸಂಡೂರಿನ ಅರಸು ಮನೆತನ ನಮಗೆ ಇನ್ನೊಂದು ಪಾಠವನ್ನು ಕಲಿಸುತ್ತದೆ. ಈ ವಂಶ ದತ್ತಕದಿಂದ ಮುಂದುವರಿದದ್ದು ಒಂದಕ್ಕಿಂತ ಹೆಚ್ಚು ಸಲ. ಅರಸರ ಮನೆಯಲ್ಲಿ ದತ್ತಕ ರಾಜಕೀಯ ವಿಷಯವಾದುದರಿಂದ ಅದು ದಾಖಲೆಯಾಗಿ ಉಳಿಯಿತು. ಸಾಮಾನ್ಯರಲ್ಲಿ ತಂಗಿಯ ಮಗನನ್ನೋ ದಾಯಾದಿಯ ಮಗನನ್ನೋ ತಂದು ಸಾಕಿಕೊಂಡದ್ದು ಎರಡನೆಯ ತಲೆಮಾರಿಗೆ ಮರೆತುಹೋಗುತ್ತದೆ. ಒಬ್ಬನಿಗೆ ಒಂದು ದಾಖಲೆಯಲ್ಲಿ ಒಬ್ಬ ತಂದೆ, ಇನ್ನೊಂದರಲ್ಲಿ ಇನ್ನೊಬ್ಬ ತಂದೆ ಕಂಡರೆ ಬರೆದವನ ತಪ್ಪೆಂದು ಭಾವಿಸುವ ಮೊದಲು ದತ್ತಕವನ್ನು ಶಂಕಿಸಬೇಕು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ನಮ್ಮ ಪದ್ಧತಿಯಿಂದಲೂ ಇಂತಹದೇ ತೊಡಕು ಹುಟ್ಟುತ್ತದೆ. ಬಸಪ್ಪನ ಮಗ ಹನುಮಪ್ಪ, ಹನುಮಪ್ಪನ ಮಗ ಬಸಪ್ಪ ಎಂದು ನಡೆಯುವ ಸರಪಣಿಯಲ್ಲಿ ಎರಡು ಕೊಂಡಿಗಳು ಕಳಚಿಬಿದ್ದರೆ ಯಾರಿಗೂ ತಿಳಿಯುವುದಿಲ್ಲ.

ಸರ್ಕಾರದ ಕಾಗದಕ್ಕಿಂತ ಹಳೆಯದಾದ ಒಂದು ಆಕರ ನಮ್ಮ ನಾಡಿನಲ್ಲಿ ಮನೆಯ ಬಾಗಿಲಿಗೇ ಬರುತ್ತದೆ. ಹೆಳವರು ಒಕ್ಕಲು ಮನೆತನಗಳ ವಂಶಾವಳಿಯನ್ನು ಕಾಪಾಡಿಕೊಂಡು ಬಂದ ವೃತ್ತಿಯವರು. ಬಳ್ಳಾರಿ, ಮೈಸೂರು ಮೊದಲಾದ ಕಡೆಗಳಲ್ಲಿ ಇವರು ಕಾಲುಗಳನ್ನು ಕಂಬಳಿಯಿಂದ ಮುಚ್ಚಿಕೊಂಡು ಎತ್ತಿನ ಮೇಲೆ ಕುಳಿತು ಊರಿಗೆ ಬಂದು, ಮನೆಮನೆಗೂ ಹೋಗಿ ಆ ಮನೆಯ ಹಿರಿಯರ ಹೆಸರುಗಳನ್ನೂ ಯುದ್ಧದಲ್ಲಿ ಮಡಿದ ವೀರರನ್ನೂ ಹೇಳುತ್ತಿದ್ದರೆಂದು ಥರ್ಸ್ಟನ್ 1909ರ ತನ್ನ ಗ್ರಂಥದಲ್ಲಿ ಬರೆದಿದ್ದಾನೆ. ಈಗ ಎತ್ತಿನ ಬದಲು ವಾಹನಗಳಲ್ಲಿ ಬರುವವರೂ ಉಂಟು. ಸುಗ್ಗಿಯ ಅನಂತರ ಬಂದು, ಹಳೆಯ ಹೆಸರುಗಳನ್ನು ಓದಿ, ಹೊಸದಾಗಿ ಹುಟ್ಟಿದವರನ್ನು ಬರೆದುಕೊಂಡು, ಕಾಳನ್ನೋ ಹಣವನ್ನೋ ಪಡೆದು ಹೋಗುವ ಕ್ರಮ ಪೂರ್ಣವಾಗಿ ನಿಂತಿಲ್ಲ. ಉತ್ತರದಲ್ಲಿ ಹರಿದ್ವಾರದ ಪಂಡರ ವಹಿಗಳು ಪ್ರಸಿದ್ಧವಾಗಿವೆ. ಆದರೆ ಅಲ್ಲಿ ಯಾತ್ರಿಕನು ಪುಸ್ತಕವಿರುವಲ್ಲಿಗೆ ಹೋಗುತ್ತಾನೆ, ಇಲ್ಲಿ ಪುಸ್ತಕವೇ ಅವನ ಮನೆಗೆ ಬರುತ್ತದೆ.

ಹೆಳವನ ಪುಸ್ತಕವನ್ನು ಎಷ್ಟರಮಟ್ಟಿಗೆ ನಂಬಬಹುದು? ಅದರ ಕೆಳಗಿನ ಐದಾರು ತಲೆಮಾರುಗಳು ಬಹುಮಟ್ಟಿಗೆ ದೃಢವಾಗಿರುತ್ತವೆಂದೂ, ಮೇಲೆ ಹೋದಂತೆಲ್ಲ ಒಂದೇ ಬೆಡಗಿನ ಎಲ್ಲ ಮನೆಗಳಿಗೂ ಒಂದೇ ಮೂಲಪುರುಷ, ಒಂದೇ ಮೂಲಸ್ಥಳ ಬರುತ್ತದೆಂದೂ ನಮ್ಮ ಅನುಭವ. ಮೇಲಿನ ಭಾಗ ಬೆಡಗಿನ ಪುರಾಣ, ಕೆಳಗಿನ ಭಾಗ ಮನೆಯ ಚರಿತ್ರೆ. ಇವೆರಡೂ ಸೇರುವ ಸ್ಥಳವನ್ನು ಗುರುತಿಸುವುದೇ ಶೋಧಕನ ಕೆಲಸ. ಮನೆದೇವರನ್ನೂ ಈ ದೃಷ್ಟಿಯಿಂದಲೇ ನೋಡಬೇಕು. ಮನೆದೇವರು ಹುಲಿಗೆಮ್ಮನೋ, ಮೈಲಾರಲಿಂಗನೋ, ಸಂಡೂರಿನ ಕುಮಾರಸ್ವಾಮಿಯೋ ಆಗಿದ್ದರೆ ಅಷ್ಟರಿಂದ ಆ ಮನೆತನದ ಮೂಲ ಅಲ್ಲಿಯದೆಂದು ಹೇಳುವುದಕ್ಕಾಗುವುದಿಲ್ಲ. ದೊಡ್ಡ ಕ್ಷೇತ್ರಗಳಿಗೆ ಎಲ್ಲ ಕಡೆಯಿಂದಲೂ ಒಕ್ಕಲು ಇರುತ್ತದೆ. ಯಾವುದೋ ಹಾಳೂರಿನ ಹೆಸರಿಲ್ಲದ ಕಲ್ಲು ಮನೆದೇವರಾಗಿದ್ದರೆ ಆಗ ಕಿವಿ ನಿಮಿರಬೇಕು. ಅಷ್ಟು ಸಣ್ಣ ದೇವರನ್ನು ದೂರದವರು ಕಾರಣವಿಲ್ಲದೆ ಪೂಜಿಸುವುದಿಲ್ಲ.

ಇಲ್ಲಿ ಕಂಪ್ಲಿಯ ಕಡೆಯ ಒಂದು ಒಕ್ಕಲು ಮನೆತನದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬಹುದು. ಅವರ ಮನೆಯ ಹಳೆಯ ಪುಸ್ತಕದಲ್ಲಿ, ರಕ್ತಾಕ್ಷಿ ಸಂವತ್ಸರದಲ್ಲಿ ಹಿರಿಯನೊಬ್ಬನು ಹೊಳೆ ದಾಟಿ ಬಂದು, ಕೌಲು ಹಿಡಿದು, ಬೀಳುಬಿದ್ದ ಹೊಲವನ್ನು ಹಸನು ಮಾಡಿದನೆಂಬ ಒಂದು ಸಾಲು ಇದ್ದಿತು. ಮೂಲ ಪುಸ್ತಕ ಜೀರ್ಣವಾಗಿ ನಕಲು ಮಾತ್ರ ಉಳಿದಿತ್ತು. ರಕ್ಕಸತಂಗಡಿಯ ಯುದ್ಧ ನಡೆದದ್ದು 1565ರ ಜನವರಿಯಲ್ಲಿ. ಆಗ ನಡೆಯುತ್ತಿದ್ದುದು ರಕ್ತಾಕ್ಷಿ ಸಂವತ್ಸರವೇ. ಮನೆಯ ವಿದ್ಯಾವಂತರೊಬ್ಬರು ಇದನ್ನು ಪಂಚಾಂಗದಿಂದ ಕಂಡುಹಿಡಿದು, ತಮ್ಮ ಹಿರಿಯರು ರಾಜಧಾನಿ ಹಾಳಾದ ವರ್ಷವೇ ಅಲ್ಲಿಂದ ಬಂದವರೆಂದು ನಿರ್ಧರಿಸಿದ್ದರು. ಊರಿನಲ್ಲಿ ಅವರಿಗೆ ಇದರಿಂದ ಬಂದ ಗೌರವವೂ ಸಣ್ಣದಲ್ಲ.

ಆದರೆ ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತವೆ. 1564ರಲ್ಲಿ ಆರಂಭವಾದ ರಕ್ತಾಕ್ಷಿ 1624, 1684, 1744, 1804, 1864ರಲ್ಲಿಯೂ ಬಂದಿತು. ತಿಥಿ ವಾರಗಳು ಬರೆದಿದ್ದಲ್ಲಿ ಸ್ವಾಮಿಕಣ್ಣು ಪಿಳ್ಳೆಯವರ ಪಂಚಾಂಗಕೋಷ್ಟಕಗಳಿಂದ ವರ್ಷವನ್ನು ನಿಶ್ಚಯಿಸಬಹುದಾಗಿತ್ತು; ಇಲ್ಲಿ ಅವೆರಡೂ ಇರಲಿಲ್ಲ. ಆದುದರಿಂದ ತಲೆಮಾರುಗಳನ್ನು ಎಣಿಸಬೇಕಾಯಿತು. ಹೊಳೆ ದಾಟಿದವನಿಂದ ಹಿಡಿದು, 1940ರ ಸುಮಾರಿಗೆ ಹುಟ್ಟಿದ ಈಗಿನ ಹಿರಿಯರವರೆಗೆ ಏಳು ಹೆಸರು. ಮನೆಯ ಪುಸ್ತಕವೂ ಹೆಳವನ ಪುಸ್ತಕವೂ ಈ ಏಳರಲ್ಲಿ ಒಂದಕ್ಕೊಂದು ಹೊಂದುತ್ತವೆ. ತಲೆಮಾರಿಗೆ ಇಪ್ಪತ್ತೇಳು ವರ್ಷ ಹಿಡಿದರೆ ಆರು ತಲೆಮಾರಿಗೆ 162 ವರ್ಷ. ದಾಟಿದವನು ಹುಟ್ಟಿದ್ದು 1778ರ ಸುಮಾರಿಗೆ, 1804ರಲ್ಲಿ ಅವನಿಗೆ ಇಪ್ಪತ್ತಾರರ ಪ್ರಾಯ. 1564 ಸರಿಯಾಗಬೇಕಾದರೆ ಹದಿನಾರು ಹೆಸರುಗಳಾದರೂ ಬೇಕು. ‘ಕೌಲು’ ಎಂಬ ಮಾತು ಕಂಪನಿಗಿಂತ ಹಳೆಯದಾದುದರಿಂದ ಅದರ ಮೇಲೆ ನಾವು ಭಾರ ಹಾಕುವುದಿಲ್ಲ. ನಡುವೆ ಎರಡು ಹೆಸರು ಬಿಟ್ಟುಹೋಗಿದ್ದರೆ 1744 ಕೂಡ ಅಸಾಧ್ಯವಲ್ಲ. ಆದರೂ ಮನ್ರೋ ಬೀಳುಬಿದ್ದ ಭೂಮಿಯನ್ನು ಮತ್ತೆ ಸಾಗುವಳಿಗೆ ತರಿಸುತ್ತಿದ್ದ ಕಾಲದಲ್ಲಿ, ನಿಜಾಮನ ಸೀಮೆಯ ಯುವಕನೊಬ್ಬನು ಹೊಳೆ ದಾಟಿ ಬಂದನೆಂಬುದೇ ಹೆಚ್ಚು ಸಂಭವನೀಯವಾಗಿ ತೋರುತ್ತದೆ.

ಇದನ್ನು ಮನೆಯವರಿಗೆ ಹೇಳುವುದು ಸುಲಭವಾಗಿರಲಿಲ್ಲ. ಕಂಡುಹಿಡಿದವರಿಗೆ ಬೇಸರವಾಯಿತು, ಲೆಕ್ಕವನ್ನು ಎರಡು ಸಲ ಮಾಡಿಸಿದರು, ತಲೆಮಾರಿಗೆ ಐವತ್ತು ವರ್ಷ ಏಕಾಗಬಾರದೆಂದು ಕೇಳಿದರು. ಹಿರಿಯರು ಬಹಳ ಹೊತ್ತು ಸುಮ್ಮನೆ ಕೇಳಿಸಿಕೊಂಡು, “ಹಂಗಾದ್ರ ನಮ್ಮ ಹಿರೇರು ಓಡಿ ಬಂದೋರಲ್ಲ, ದುಡಕಂಡು ತಿನ್ನಾಕ ಬಂದೋರು ಅನ್ರಿ” ಎಂದರು. ಅವರ ಮಾತಿನಲ್ಲಿ ವ್ಯಸನಕ್ಕಿಂತ ಕುತೂಹಲವೇ ಹೆಚ್ಚಾಗಿತ್ತು. ಅಂದಿನಿಂದ ಅವರ ವಿಚಾರಣೆ ರಾಜಧಾನಿಯನ್ನು ಬಿಟ್ಟು ಹೊಲದ ಕಡೆಗೆ ತಿರುಗಿತು: ಆ ಹೊಲ ಯಾವುದು, ಅದಕ್ಕೆ ನೀರು ಯಾವ ಕಾಲುವೆಯಿಂದ ಬಂದಿತು, ಅವನ ಜೊತೆಗೆ ಬಂದವರು ಯಾರು? ಈ ಪ್ರಶ್ನೆಗಳಿಗೆ ಉತ್ತರ ಸಿಕ್ಕುವ ಸಾಧ್ಯತೆಯಿದೆ. ಸೀಮೆಯ ಚರಿತ್ರೆಗೂ ಇವು ಬೇಕಾದ ಪ್ರಶ್ನೆಗಳು. ಸಾಗುವಳಿಯ ವಿಸ್ತೀರ್ಣವನ್ನು ಹೇಳುವ ಕಂಪನಿಯ ಲೆಕ್ಕಪತ್ರದಲ್ಲಿ ಉತ್ತವನ ಹೆಸರೂ ಅವನು ಬಂದ ದಾರಿಯೂ ಸಿಕ್ಕುವುದು ಅಪರೂಪ.

ಕ್ಷಾಮದ ವಿಷಯದಲ್ಲಿಯೂ ಮನೆತನದ ಪುಸ್ತಕಗಳಿಂದ ಇಂತಹದೇ ಉಪಕಾರವಾಗುತ್ತದೆ. ಧಾತು, ಈಶ್ವರ ಸಂವತ್ಸರಗಳ 1876–78ರ ಬರದಲ್ಲಿ ಮದರಾಸು ಆಧಿಪತ್ಯದ ಜಿಲ್ಲೆಗಳಲ್ಲಿ ಬಳ್ಳಾರಿ ಅತ್ಯಂತ ಹೆಚ್ಚು ನಷ್ಟಪಟ್ಟವುಗಳಲ್ಲಿ ಒಂದು. 1871ರ ಮತ್ತು 1881ರ ಜನಗಣತಿಗಳ ನಡುವೆ ಜಿಲ್ಲೆಯ ಜನಸಂಖ್ಯೆ ಸುಮಾರು ಐದನೆಯ ಒಂದು ಪಾಲು ಕುಗ್ಗಿತು. ಈ ಅಂಕಿಯನ್ನು ತರಗತಿಯಲ್ಲಿ ಎಷ್ಟು ಸಲ ಹೇಳಿದರೂ ವಿದ್ಯಾರ್ಥಿಗಳ ಮನಸ್ಸಿಗೆ ಅದು ತಾಕುವುದಿಲ್ಲ. ವಂಶವೃಕ್ಷವೊಂದರಲ್ಲಿ ಐವರು ಅಣ್ಣತಮ್ಮಂದಿರ ಪೈಕಿ ಮೂವರ ಕೆಳಗೆ ಗೆರೆ ನಿಂತುಹೋಗಿರುವುದನ್ನು ತೋರಿಸಿ, ಅವರ ಕಾಲ ಯಾವುದೆಂದು ಲೆಕ್ಕ ಹಾಕಿಸಿದರೆ ಮಾತಿನ ಅಗತ್ಯವಿರುವುದಿಲ್ಲ. ಗೆರೆ ನಿಂತವರೆಲ್ಲರೂ ಸತ್ತರೆಂದು ತಿಳಿಯಬಾರದು. ಊರು ಬಿಟ್ಟು ಹೋಗಿ ಮರಳದವರೂ ಇರಬಹುದು. ಅವರ ಸಂತತಿಯವರು ಬೇರೆಲ್ಲಿಯೋ ಕುಳಿತು ತಮ್ಮ ಮೂಲವನ್ನು ಹುಡುಕುತ್ತಿರುವುದು ಸಾಧ್ಯ.

ಇನ್ನು ಹೆಂಗಸರ ವಿಷಯ. ವಂಶಾವಳಿಗಳಲ್ಲಿ ಹೆಣ್ಣುಮಕ್ಕಳ ಹೆಸರಿಲ್ಲದಿರುವುದು ಎಲ್ಲರೂ ಬಲ್ಲ ಕೊರತೆ. ಹೊಸಪೇಟೆಯ ಹೆಸರೇ ಇದಕ್ಕೆ ಸಾಕ್ಷಿ ಹೇಳುತ್ತದೆ. ಕೃಷ್ಣದೇವರಾಯನು ಕಟ್ಟಿಸಿದ ಈ ಊರಿನ ಹಳೆಯ ಹೆಸರು ನಾಗಲಾಪುರ. ನಾಗಲಾದೇವಿ ರಾಜನ ಪ್ರೀತಿಯ ರಾಣಿಯೆಂದು ಪ್ರಸಿದ್ಧವಾಗಿದೆ. ಮೇಲೆ ಹೇಳಿದ ಹಂಪೆಯ ಶಾಸನದಲ್ಲಾದರೋ ನಾಗಲೆಯೆಂಬುದು ರಾಜನ ತಾಯಿಯ ಹೆಸರು. ಒಂದು ಪಟ್ಟಣಕ್ಕೆ ಹೆಸರಾದ ಹೆಂಗಸು ತಾಯಿಯೋ ಹೆಂಡತಿಯೋ ಎಂದು ಸಂಶಯಪಡುವ ಸ್ಥಿತಿ ಚಕ್ರವರ್ತಿಯ ಮನೆಯಲ್ಲಿಯೇ ಇದ್ದ ಮೇಲೆ ಉಳಿದವರ ಮಾತೇನು! ನಮ್ಮಲ್ಲಿ ಸೋದರಮಾವನಿಗೂ ಅತ್ತೆಯ ಮಗನಿಗೂ ಹೆಣ್ಣು ಕೊಡುವ ವಾಡಿಕೆಯಿರುವುದರಿಂದ, ಹೆಂಗಸರನ್ನು ಬಿಟ್ಟ ವಂಶವೃಕ್ಷ ನಿಜವಾದ ಸಂಬಂಧಗಳ ಅರ್ಧವನ್ನೂ ತೋರಿಸುವುದಿಲ್ಲ. ಎರಡು ಮನೆತನಗಳು ಮೂರು ತಲೆಮಾರಿನಿಂದ ಒಂದೇ ಹೊಲವನ್ನು ಏಕೆ ಹಂಚಿಕೊಂಡಿವೆ ಎಂಬುದು ಮಗಳೊಬ್ಬಳ ಹೆಸರು ಗೊತ್ತಾದೊಡನೆ ಸ್ಪಷ್ಟವಾಗುವುದುಂಟು.

ಬಳ್ಳಾರಿ ಸೀಮೆಯಲ್ಲಿ ಇದಕ್ಕಿಂತ ಸೂಕ್ಷ್ಮವಾದ ಒಂದು ಸಂಗತಿಯಿದೆ. ಗಂಡು ಸಂತಾನವಿಲ್ಲದ ಮನೆಗಳಲ್ಲಿ ಮಗಳನ್ನು ದೇವರಿಗೆ ಬಸವಿಯಾಗಿ ಬಿಟ್ಟು, ಅವಳ ಮೂಲಕ ಆಸ್ತಿಯನ್ನೂ ವಂಶವನ್ನೂ ಮುಂದುವರಿಸುವ ಪದ್ಧತಿ ಇದ್ದಿತು. ಬಸವಿಗೆ ಮಗನ ಹಕ್ಕುಗಳು ಬರುತ್ತಿದ್ದುದನ್ನು ಫಾಸೆಟ್ 1891ರಲ್ಲಿಯೇ ಲೇಖನವೊಂದರಲ್ಲಿ ವಿವರಿಸಿದ್ದಾನೆ. ದೇವರಿಗೆ ಬಿಡುವ ಪದ್ಧತಿಯನ್ನು ಮದರಾಸು ಸರ್ಕಾರ 1947ರಲ್ಲಿಯೂ ಕರ್ನಾಟಕ ಸರ್ಕಾರ 1982ರಲ್ಲಿಯೂ ಕಾನೂನಿನಿಂದ ನಿಷೇಧಿಸಿದವು. ಅದು ನ್ಯಾಯವಾಗಿಯೇ ನಡೆಯಿತು. ಆದರೆ ಆ ಹೆಂಗಸಿನಿಂದ ಬೆಳೆದ ಮನೆತನದವರು ಇಂದು ಪುಸ್ತಕ ಬರೆಯುವಾಗ ಏನು ಮಾಡಬೇಕು? ಅವಳ ಹೆಸರಿರುವಲ್ಲಿ ಒಬ್ಬ ಗಂಡಸಿನ ಹೆಸರನ್ನು ಕಲ್ಪಿಸಿ ಸೇರಿಸಿದ ವಂಶಾವಳಿಗಳನ್ನು ನಾವು ನೋಡಿದ್ದೇವೆ. ಬರೆದವರ ಸಂಕೋಚ ನಮಗೆ ಅರ್ಥವಾಗುತ್ತದೆ. ಮಕ್ಕಳ ಮದುವೆಯ ಮಾತು ನಡೆಯುವ ಮನೆಯಲ್ಲಿ ಚರಿತ್ರೆಗಾರನ ಉಪದೇಶಕ್ಕೆ ಬೆಲೆ ಕಡಮೆ. ಅಚ್ಚು ಹಾಕಿಸುವಾಗ ಆ ತಲೆಮಾರನ್ನು ಬಿಟ್ಟುಬಿಡುವುದು ಅವರ ಇಷ್ಟ. ಆದರೆ ಇಲ್ಲದ ಗಂಡಸನ್ನು ಸೃಷ್ಟಿಸುವುದನ್ನು ಮಾತ್ರ ನಾವು ಒಪ್ಪಲಾರೆವು. ಮನೆಯನ್ನೂ ಹೊಲವನ್ನೂ ಉಳಿಸಿಕೊಟ್ಟವಳ ಹೆಸರನ್ನು ಅವಳ ಮರಿಮಕ್ಕಳೇ ಅಳಿಸಿದಂತಾಗುತ್ತದೆ.

ತುಂಗಭದ್ರಾ ಅಣೆಕಟ್ಟಿನಿಂದ ಮುಳುಗಿದ ಊರುಗಳ ಮನೆತನಗಳಿಗೆ ಬೇರೊಂದು ಬಗೆಯ ಕಷ್ಟವಿದೆ. 1945ರಲ್ಲಿ ಕೆಲಸ ಆರಂಭವಾಗಿ 1953ರಲ್ಲಿ ನೀರು ನಿಂತಾಗ ಹೊಳೆಯ ಎರಡು ಕಡೆಯೂ ಸೇರಿ ಸುಮಾರು 90 ಗ್ರಾಮಗಳು ಮುಳುಗಿದವು. ನಾರಾಯಣದೇವರಕೆರೆಯ ಜನ ಮರಿಯಮ್ಮನಹಳ್ಳಿಗೆ ಬಂದರು. ಗುಡಿಯ ಮೂರ್ತಿಯನ್ನು ತಂದವರು ಮನೆಯ ಪೆಟ್ಟಿಗೆಯ ಕಾಗದಗಳನ್ನು ಎಷ್ಟೋ ವೇಳೆ ತರಲಿಲ್ಲ. ಇಲ್ಲದ ಹೊಲದ ಪಟ್ಟೆಯಿಂದ ಏನು ಪ್ರಯೋಜನವೆಂದು ಭಾವಿಸಿದರು. ಆದರೆ ಪರಿಹಾರ ಕೊಡುವುದಕ್ಕಾಗಿ ಸರ್ಕಾರ ಸಿದ್ಧಪಡಿಸಿದ ಭೂಸ್ವಾಧೀನದ ಪಟ್ಟಿಗಳಲ್ಲಿ ಹಕ್ಕುದಾರರು, ಅವರ ಪಾಲುದಾರರು, ವಿಧವೆಯರು, ಮೈನರು ಮಕ್ಕಳು ಎಲ್ಲರ ಹೆಸರೂ ಬಂದಿರುವುದುಂಟು. ಊರು ಮುಳುಗಿದ ಕಾರಣದಿಂದಲೇ ಕೆಲವು ಮನೆತನಗಳ ವಿವರ ಮುಳುಗದ ಊರಿನವರಿಗಿಂತ ಚೆನ್ನಾಗಿ ಉಳಿದಿದೆ. ಈ ಪಟ್ಟಿಗಳನ್ನು ವ್ಯವಸ್ಥಿತವಾಗಿ ನಕಲು ಮಾಡುವ ಕೆಲಸವನ್ನು ಹೊಸಪೇಟೆಯ ಕಾಲೇಜುಗಳ ವಿದ್ಯಾರ್ಥಿಗಳು ಕೈಗೊಂಡರೆ ಬಹಳ ಉಪಕಾರವಾದೀತು. ಮುಳುಗಿದ ಊರನ್ನು ಕಣ್ಣಿನಿಂದ ಕಂಡವರಲ್ಲಿ ಈಗ ಎಂಬತ್ತಕ್ಕಿಂತ ಕಡಮೆ ವಯಸ್ಸಿನವರು ಹೆಚ್ಚಿಲ್ಲ. ಬೇಸಗೆಯಲ್ಲಿ ನೀರು ಇಳಿದಾಗ ಕಾಣುವ ಕಲ್ಲು ಯಾವ ಗುಡಿಯದು, ಯಾವ ಓಣಿ ಯಾರದೆಂದು ಹೇಳಬಲ್ಲವರು ಅವರೇ.

ಕಂಪ್ಲಿಯ ಆ ಮನೆಯ ಪುಸ್ತಕವನ್ನು ನಾವು ನಕಲು ಮಾಡಿಕೊಂಡು ಮರಳಿಸಿದೆವು. ಎರಡು ತಿಂಗಳ ಅನಂತರ ಹೋದಾಗ ಹಿರಿಯರ ಸೊಸೆ ಅದರ ಕೊನೆಯ ಹಾಳೆಯಲ್ಲಿ ಸೀಸದ ಕಡ್ಡಿಯಿಂದ ಬರೆಯಲು ಆರಂಭಿಸಿದ್ದರು. ಏಳು ತಲೆಮಾರಿಗೂ ಒಂದೊಂದು ಸಾಲು. ಆ ಮನೆಗೆ ಬಂದ ಸೊಸೆಯ ಹೆಸರು, ಅವಳ ತೌರೂರು. ಅತ್ತೆಯನ್ನೂ ನೆರೆಯ ಮುದುಕಿಯರನ್ನೂ ಕೇಳಿ ನಾಲ್ಕು ಸಾಲುಗಳನ್ನು ತುಂಬಿದ್ದರು. ಐದನೆಯದರಲ್ಲಿ ಹೆಸರು ಇರಲಿಲ್ಲ, ತೌರೂರು ಮಾತ್ರ ಆನೆಗೊಂದಿಯೆಂದು ಇದ್ದಿತು. ಮೇಲಿನ ಎರಡು ಸಾಲುಗಳನ್ನು ಗೆರೆ ಹಾಕಿ ಖಾಲಿ ಬಿಟ್ಟಿದ್ದರು.